ನೀರಿಗೆ ಗೊತ್ತು, ಆರ್‌ಸಿಗೆ ಗೊತ್ತಿಲ್ಲ

ವೆಸ್ಟ್ ಮಾಂಬಲಂನಲ್ಲಿ ಅಕ್ಟೋಬರ್ ಬಂತೆಂದರೆ ಕಾರು ಇಟ್ಟುಕೊಂಡವರಿಗೆಲ್ಲ ಒಂದೇ ಚಿಂತೆ. ಈ ಸಲ ಎಲ್ಲಿ ನಿಲ್ಲಿಸೋದು? ಇಲ್ಲಿ ಲೇಕ್ ವ್ಯೂ ರೋಡ್ ಎಂಬ ರಸ್ತೆ ಇದೆ, ಲೇಕ್ ಮಾತ್ರ ಇಲ್ಲ. ಆ ಕೆರೆಯನ್ನು 1920ರ ದಶಕದಲ್ಲಿ ಮುಚ್ಚಿ ಪಕ್ಕದ ಟಿ. ನಗರ ಕಟ್ಟಿದರು. ಮಳೆನೀರು ಹಳೆಯ ವಿಳಾಸ ಮರೆತಿಲ್ಲ. 2015ರ ಡಿಸೆಂಬರ್, 2021ರ ನವೆಂಬರ್, ಮತ್ತೆ ಮಿಚಾಂಗ್ ಚಂಡಮಾರುತದ 2023ರ ಡಿಸೆಂಬರ್, ಮೂರು ಸಲವೂ ಈ ಬಡಾವಣೆ ನೀರಿನಲ್ಲಿ ನಿಂತಿತು. ವೇಳಚೇರಿಯವರಂತೂ 2024ರಲ್ಲಿ ಮಳೆ ಮುನ್ಸೂಚನೆ ಬಂದ ಕೂಡಲೇ ತಮ್ಮ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ಸುದ್ದಿಯಾದರು.

ಮುಳುಗಿದ ಕಾರುಗಳ ಚಿತ್ರವನ್ನು ಪತ್ರಿಕೆಯಲ್ಲಿ ನೋಡುತ್ತೇವೆ. ಆಮೇಲೆ ಅವು ಎಲ್ಲಿಗೆ ಹೋಗುತ್ತವೆ ಎಂದು ಕೇಳುವವರು ಕಡಿಮೆ. ಹೆಚ್ಚಿನವು ಹರಾಜಿಗೆ ಹೋಗುತ್ತವೆ. ಅಲ್ಲಿಂದ ಮುಂದಿನ ಕಥೆ ಕರ್ನಾಟಕದ ಹೊರಗೆ ದುಡಿಯುವ ನಮಗೂ, ಊರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿರುವ ನಮ್ಮ ತಮ್ಮಂದಿರಿಗೂ ಸಂಬಂಧಪಟ್ಟದ್ದು.

ಲೆಕ್ಕ ಸ್ಪಷ್ಟವಾಗಲಿ ಎಂದು ದುಬಾರಿ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಲೆಕ್ಸಸ್ ಎಲ್‌ಸಿ 500ಎಚ್ ಎಂಬ ಎರಡು ಬಾಗಿಲಿನ ಹೈಬ್ರಿಡ್ ಕೂಪೆ 2020ರ ಜನವರಿಯಲ್ಲಿ ಭಾರತಕ್ಕೆ ಬಂತು. ಶೋರೂಂ ಬೆಲೆ 1.96 ಕೋಟಿ ರೂಪಾಯಿ. ಅದೇ ಕಂಪನಿಯ ಇಎಸ್ 300ಎಚ್ ಸೆಡಾನ್ ನಮ್ಮ ಬಿಡದಿಯಲ್ಲೇ ಜೋಡಣೆಯಾಗುತ್ತದೆ. ಈ ಕೂಪೆ ಮಾತ್ರ ಪೂರ್ತಿ ಆಮದು. 3.5 ಲೀಟರಿನ ವಿ6 ಪೆಟ್ರೋಲ್ ಎಂಜಿನ್, ಜೊತೆಗೆ ಎಲೆಕ್ಟ್ರಿಕ್ ಮೋಟರ್, ಲಿಥಿಯಂ ಬ್ಯಾಟರಿ.

ವಿಮೆಯ ಲೆಕ್ಕದಲ್ಲಿ ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಇದಕ್ಕೆ ಐಡಿವಿ ಎನ್ನುತ್ತಾರೆ. ಮೂರು ವರ್ಷ ದಾಟಿದ ಕಾರಿಗೆ ಶೇ 40ರಷ್ಟು ಸವಕಳಿ. ಅದೇ 1.96 ಕೋಟಿ ಹಿಡಿದರೆ ಐಡಿವಿ ಸುಮಾರು 1.18 ಕೋಟಿ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಕಾರು ‘ಟೋಟಲ್ ಲಾಸ್’. ಅಂದರೆ ಇಲ್ಲಿ ಸುಮಾರು 88 ಲಕ್ಷದ ಗಡಿ. ಸೀಟಿನ ಮಟ್ಟಕ್ಕೆ ಕೊಳಚೆ ನೀರು ನುಗ್ಗಿದ ಹೈಬ್ರಿಡ್ ಕಾರಿಗೆ ಬ್ಯಾಟರಿ, ಇನ್ವರ್ಟರ್, ವೈರಿಂಗ್, ಹತ್ತಾರು ಕಂಪ್ಯೂಟರ್ ಪೆಟ್ಟಿಗೆಗಳು ಎಲ್ಲವನ್ನೂ ಹೊಸದಾಗಿ ತರಿಸಬೇಕೆಂದರೆ ಎಸ್ಟಿಮೇಟ್ ಆ ಗಡಿಯ ಕಡೆಗೆ ಓಡುತ್ತದೆ.

ಗಮನಿಸಿ, ಟೋಟಲ್ ಲಾಸ್ ಎಂದರೆ ಕಾರು ಸತ್ತಿದೆ ಎಂದಲ್ಲ. ಕಂಪನಿಯ ವರ್ಕ್‌ಶಾಪಿನ ದರದಲ್ಲಿ ರಿಪೇರಿ ಲಾಭವಿಲ್ಲ ಎಂದಷ್ಟೇ. ಬಾಡಿಗೆ ಒಂದು ಗೀರೂ ಬಿದ್ದಿರದ ಕಾರು ಕೂಡ ಟೋಟಲ್ ಲಾಸ್ ಆಗಬಹುದು. ವಿಮಾ ಕಂಪನಿ ಮಾಲೀಕರಿಗೆ ಹಣ ಕೊಟ್ಟು, ಕಾರನ್ನು ಆನ್‌ಲೈನ್ ಹರಾಜಿಗೆ ಇಡುತ್ತದೆ. ‘ಇದ್ದಲ್ಲೇ, ಇದ್ದ ಸ್ಥಿತಿಯಲ್ಲಿ’ ಎಂಬುದು ಷರತ್ತು. ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬ ಮಾತು ಇಂಥ ಕಾರುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಡೀಲರ್ ಕೊಳ್ಳುತ್ತಾನೆ, ಹಳೆಯ ಬಿಡಿಭಾಗ ಹಾಕಿಸುತ್ತಾನೆ, ಸೀಟು ಬಿಚ್ಚಿ ಒಣಗಿಸುತ್ತಾನೆ, ಪಾಲಿಶ್ ಹೊಡೆಸುತ್ತಾನೆ. ಕಾರು ಮತ್ತೆ ಮಾರುಕಟ್ಟೆಗೆ ಬರುತ್ತದೆ.

ಇದರಲ್ಲಿ ತಪ್ಪೇನಿಲ್ಲ. ರಿಪೇರಿ ಮಾಡಿ ಬದುಕುವುದು ಮರ್ಯಾದೆಯ ಕೆಲಸ. ಚೆನ್ನೈನ ಪುದುಪೇಟೆಯಲ್ಲಿ ಹಳೆಯ ಬಿಡಿಭಾಗಗಳನ್ನೇ ನಂಬಿದ ಎಷ್ಟೋ ಸಂಸಾರಗಳಿವೆ. ಗುಜರಿಗೆ ಹೋಗಬೇಕಾದದ್ದನ್ನು ಮತ್ತೆ ಓಡಿಸುವ ಮೆಕ್ಯಾನಿಕ್‌ನ ಕೈಗೆ ನಾನಂತೂ ಕೈ ಮುಗಿಯುತ್ತೇನೆ. ನನ್ನ ತಕರಾರು ಕಾಗದದ ಬಗ್ಗೆ. ಆ ಕಾರಿನ ಆರ್‌ಸಿಯಲ್ಲಿ ಅದು ಮುಳುಗಿದ್ದು, ಟೋಟಲ್ ಲಾಸ್ ಆದದ್ದು, ಹರಾಜಾದದ್ದು ಯಾವುದೂ ಇರುವುದಿಲ್ಲ. ಬಣ್ಣ ಇದೆ, ಎಂಜಿನ್ ನಂಬರ್ ಇದೆ, ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇದೆ. ಈ ಒಂದು ಸಾಲಿಗೆ ಮಾತ್ರ ಜಾಗವಿಲ್ಲ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ನಾಶವಾದ ಅಥವಾ ಶಾಶ್ವತವಾಗಿ ಬಳಕೆಗೆ ಬಾರದ ವಾಹನದ ವಿಷಯವನ್ನು ಮಾಲೀಕರು 14 ದಿನದೊಳಗೆ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಆದರೆ ನಮ್ಮ ಉದಾಹರಣೆಯ ಕಾರು ‘ಶಾಶ್ವತವಾಗಿ’ ಕೆಟ್ಟಿಲ್ಲ. ರಿಪೇರಿಯಾಗುತ್ತದೆ. ಹೀಗೆ ವಿಮೆಯ ಪುಸ್ತಕದಲ್ಲಿ ಸತ್ತ ಕಾರು ಆರ್‌ಟಿಒ ಪುಸ್ತಕದಲ್ಲಿ ಆರೋಗ್ಯವಾಗಿ ಬದುಕಿರುತ್ತದೆ. ಎರಡು ಪುಸ್ತಕಗಳ ನಡುವಿನ ಈ ಸಂದಿಯಲ್ಲೇ ವ್ಯಾಪಾರ ನಡೆಯುವುದು.

ಈ ಸಂದಿಗೆ ರಾಜ್ಯದ ಗಡಿ ಅನುಕೂಲ ಮಾಡಿಕೊಡುತ್ತದೆ. ಮುಳುಗಿದ ಊರಿನಲ್ಲಿ ಕೊಳ್ಳುವವರು ಕಾರ್ಪೆಟ್ ಎತ್ತಿ ಕೆಸರು ಹುಡುಕುತ್ತಾರೆ. ಬೇರೆ ಊರಿನವರಿಗೆ ಆ ಅನುಮಾನ ಬರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಭಾಗದ ಬಡಾವಣೆಗಳಲ್ಲಿ ಬೆಂಟ್ಲಿ, ಲೆಕ್ಸಸ್ ಕಾರುಗಳು ನೀರಿನಲ್ಲಿ ನಿಂತಿದ್ದವು, ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಅಂಥ ಕೆಎ ನಂಬರಿನ ಕಾರು ಚೆನ್ನೈನಲ್ಲಿ ಮಾರಾಟಕ್ಕೆ ನಿಂತರೆ ‘ನಮ್ಮೂರ ಗಾಡಿ’ ಎಂದು ಮೊದಲು ಹತ್ತಿರ ಹೋಗುವವರು ನಾವೇ. ಇಲ್ಲಿ ಮುಳುಗಿದ ಟಿಎನ್ ಗಾಡಿ ಕೋಲಾರದಲ್ಲೋ ಹೊಸೂರು ರಸ್ತೆಯಲ್ಲೋ ನಿಂತರೆ ನಮ್ಮ ಬಂಧುಗಳು ಹೋಗುತ್ತಾರೆ. ಹೈಬ್ರಿಡ್ ಆದರೆ ಇನ್ನೂ ಕಷ್ಟ. ಕನೆಕ್ಟರ್‌ಗಳ ಒಳಗೆ ಕುಳಿತ ತೇವ ತಿಂಗಳುಗಳ ನಂತರ ತುಕ್ಕಾಗಿ ಕೈಕೊಡುತ್ತದೆ. ಅಲ್ಲಿ ಹರಿಯುವುದು ನೂರಾರು ವೋಲ್ಟ್ ವಿದ್ಯುತ್ತು.

ಮಾರಿದವರೂ ನಿಶ್ಚಿಂತರಲ್ಲ. ಟೋಟಲ್ ಲಾಸ್ ಹಣ ಪಡೆಯುವಾಗ 28, 29, 30ನೇ ನಮೂನೆಗಳಿಗೆ ಖಾಲಿ ಬಿಟ್ಟೇ ಸಹಿ ಹಾಕಿ ಕೊಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ. ಕೊಂಡವನು ಹೆಸರು ಬದಲಾಯಿಸದೆ ಓಡಿಸಿ ಯಾರಿಗಾದರೂ ಗುದ್ದಿದರೆ? 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ ಎಂದು ಹೇಳಿದೆ. ಇನ್ನೊಂದು ಅಪಾಯವೂ ಇದೆ. ಟೋಟಲ್ ಲಾಸ್ ಕಾರಿನ ಕಾಗದ, ಚಾಸಿ ನಂಬರನ್ನು ಕದ್ದ ಕಾರಿಗೆ ಅಂಟಿಸುವ ಜಾಲಗಳನ್ನು ಪೊಲೀಸರು ಹಲವು ರಾಜ್ಯಗಳಲ್ಲಿ ಹಿಡಿದಿದ್ದಾರೆ.

ಬೇರೆ ದೇಶಗಳು ಇದಕ್ಕೆ ಉಪಾಯ ಕಂಡುಕೊಂಡಿವೆ. ಅಮೆರಿಕದ ರಾಜ್ಯಗಳು ಇಂಥ ಕಾರಿನ ಮಾಲೀಕತ್ವ ಪತ್ರದ ಮೇಲೆಯೇ ‘ಸಾಲ್ವೇಜ್’ ಎಂದು ಮುದ್ರೆ ಒತ್ತುತ್ತವೆ. ಬ್ರಿಟನ್ನಿನಲ್ಲಿ 2017ರಿಂದ ಎ, ಬಿ, ಎಸ್, ಎನ್ ಎಂಬ ನಾಲ್ಕು ದರ್ಜೆಗಳಿವೆ. ಎ, ಬಿ ಮತ್ತೆ ರಸ್ತೆಗೆ ಬರುವಂತಿಲ್ಲ. ಎಸ್, ಎನ್ ರಿಪೇರಿಯಾಗಿ ಬರಬಹುದು, ಆದರೆ ಗುರುತು ಉಳಿಯುತ್ತದೆ.

ನಮ್ಮಲ್ಲಿ ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ದೇಶದ ವಾಹನಗಳ ವಿವರ ‘ವಾಹನ್’ ಎಂಬ ಕೇಂದ್ರದ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ. ಕ್ಲೇಮಿನ ವಿವರ ವಿಮಾ ಕಂಪನಿಗಳ ಬಳಿ ಇದೆ. ಟೋಟಲ್ ಲಾಸ್ ಎಂದು ತೀರ್ಮಾನವಾದ ದಿನವೇ ಕಂಪನಿ ಅದನ್ನು ವಾಹನ್‌ನಲ್ಲಿ ನಮೂದಿಸಬೇಕು. ಹೆಸರು ವರ್ಗಾವಣೆಯಾಗದೆ ಹರಾಜಿನ ಕಾರು ಯಾರ್ಡ್ ಬಿಟ್ಟು ಹೊರಡಬಾರದು. ರಿಪೇರಿಯ ನಂತರ ಆರ್‌ಟಿಒ ತಪಾಸಣೆ ಆಗಬೇಕು. ಹಾಗೆ ಬರೆದರೆ ಕಾರಿನ ಬೆಲೆ ಬೀಳುತ್ತದೆ, ಪ್ರಾಮಾಣಿಕವಾಗಿ ರಿಪೇರಿ ಮಾಡಿದವನಿಗೂ ನಷ್ಟ ಎಂಬ ವಾದವಿದೆ. ಬೆಲೆ ಬೀಳಲಿ. ಮುಳುಗಿದ ಕಾರಿಗೆ ಮುಳುಗಿದ ಕಾರಿನ ಬೆಲೆಯೇ ನ್ಯಾಯ. ಚೆನ್ನಾಗಿ ರಿಪೇರಿ ಮಾಡಿದವನ ಬಳಿ ಬಿಲ್ಲುಗಳಿರುತ್ತವೆ, ತೋರಿಸಲಿ.

ಅಲ್ಲಿಯವರೆಗೆ ನಮ್ಮ ಎಚ್ಚರ ನಮ್ಮದು. ಹಿಂದಿನ ವರ್ಷಗಳ ಪಾಲಿಸಿ ಕೇಳಿ. ಮಾಲೀಕರು ಬದಲಾಗದಿದ್ದರೂ ನೋ ಕ್ಲೇಮ್ ಬೋನಸ್ ಏಕಾಏಕಿ ಸೊನ್ನೆಗೆ ಇಳಿದಿದ್ದರೆ ಆ ವರ್ಷ ಏನಾಯಿತೆಂದು ವಿಚಾರಿಸಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಸಿಗುವುದುಂಟು. ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು ನೋಡಿ. ಮಾರುವವರಾದರೆ ಖಾಲಿ ನಮೂನೆಗೆ ಸಹಿ ಹಾಕಬೇಡಿ, ವರ್ಗಾವಣೆ ಆದದ್ದನ್ನು ವಾಹನ್‌ನಲ್ಲಿ ಕಣ್ಣಾರೆ ನೋಡುವವರೆಗೆ ಕಡತ ಮುಚ್ಚಬೇಡಿ. ಊರಿನಿಂದ ತಮ್ಮ ಫೋನ್ ಮಾಡಿ, ‘ಅಣ್ಣ, ಟಿಎನ್ ಗಾಡಿ, ಅರ್ಧ ರೇಟಿಗೆ ಸಿಗ್ತಿದೆ’ ಎಂದರೆ ಒಂದು ದಿನ ತಡಿ ಅನ್ನಿ. ಗಾಡಿಯ ವಿಳಾಸ ಕೇಳಿ, ಯಾವ ವರ್ಷ ಆ ಬೀದಿಯಲ್ಲಿ ನೀರು ನಿಂತಿತ್ತೆಂದು ಇಲ್ಲಿರುವ ನಾವು ವಿಚಾರಿಸಿ ಹೇಳಬಹುದು.