ಸೆರಗಿನ ಲೆಕ್ಕ

ಇಳಕಲ್ ಸೀರೆಯ ಕೆಂಪು ಸೆರಗನ್ನು ಕಂಡು ಮೆಚ್ಚದ ಗೃಹಿಣಿಯರು ಕನ್ನಡನಾಡಿನಲ್ಲಿ ವಿರಳ. ಆದರೆ ಆ ಸೆರಗು ಸೀರೆಯ ಮೈಗೆ ಹೇಗೆ ಕೂಡಿಕೊಳ್ಳುತ್ತದೆಂಬುದನ್ನು ಬಲ್ಲವರು ಇನ್ನೂ ವಿರಳ. ಬೇರೆಡೆಯ ಮಗ್ಗಗಳಲ್ಲಿ ಹಲವು ಸೀರೆಗಳಿಗೆ ಸಾಲುವಷ್ಟು ಉದ್ದದ ಹಾಸನ್ನು ಒಮ್ಮೆಗೇ ಹೂಡಿ, ಒಂದರ ಹಿಂದೊಂದು ನೇಯ್ದು, ಕಡೆಗೆ ಕತ್ತರಿಸುವುದುಂಟು. ಇಳಕಲ್ಲಿನ ಸಾಂಪ್ರದಾಯಿಕ ಸೀರೆಯ ನೇಕಾರನಿಗೆ ಆ ಅನುಕೂಲವಿಲ್ಲ. ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಇವೆರಡನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕುಣಿಕೆ ಹಾಕಿ ಬೆಸೆಯಬೇಕು. ಅಲ್ಲಿಯವರು ಇದನ್ನು ‘ಟೋಪತೆನಿ’ ಎನ್ನುತ್ತಾರೆ. ದಡಿಯ ಹಾಸು ಮೂರನೆಯದು. ಅದರ ಬಣ್ಣವೂ ಸೆರಗಿನ ಬಣ್ಣವೂ ಒಂದೇ ಆಗಿರತಕ್ಕದ್ದು.

ಹೀಗಾಗಿ ಒಂದೊಂದು ಸೀರೆಗೂ ಒಂದೊಂದು ಹಾಸು. ಉದ್ದವು 6 ಗಜವೋ, 8 ಗಜವೋ, 9 ಗಜವೋ? 16ರಿಂದ 27 ಅಂಗುಲದವರೆಗಿನ ಅಳತೆಗಳಲ್ಲಿ ಸೆರಗಿಗೆ ಯಾವುದು? ಲಾಳಿ ಮೊದಲ ಸಲ ಓಡುವ ಮುನ್ನವೇ ಇವೆಲ್ಲ ನಿಶ್ಚಯವಾಗಿರಬೇಕು. ಅರ್ಧ ನೇಯ್ದ ಮೇಲೆ ‘ಇನ್ನೊಂದು ಗಜವಿರಲಿ’ ಎಂದರೆ ಕುಣಿಕೆ ಹಾಕಿದ ಎಡೆ ಹಿಂದೆ ಸರಿಯದು. ಹಾಸಿನ ಸಿದ್ಧತೆಯಲ್ಲಿ ಮನೆಯ ಹೆಂಗಸರ ದುಡಿಮೆಯೂ ಇದೆ. ಅಳತೆ ತಪ್ಪಿದರೆ ರೇಷ್ಮೆಯ ಜೊತೆಗೆ ಅವರ ಶ್ರಮವೂ ವ್ಯರ್ಥ.

ಯೋಜನೆ ಎಂದೊಡನೆ ಐದು ವರ್ಷ, ಹತ್ತು ವರ್ಷಗಳ ಮಾತು ಬರುತ್ತದೆ. ನೇಕಾರನ ಗುರಿಯಾದರೋ ಒಂದೇ ಸೀರೆಯಷ್ಟು ಚಿಕ್ಕದು. ಆದರೆ ಅದರ ತುದಿ ಎಲ್ಲಿದೆಯೆಂಬುದು ಅವನಿಗೆ ಅಂಗುಲದ ಲೆಕ್ಕದಲ್ಲಿ ಗೊತ್ತು. ‘ಮಗ ದೊಡ್ಡ ಮನುಷ್ಯನಾಗಬೇಕು’ ಎಂಬುದು ಯಾವ ತಂದೆತಾಯಿಗಳಿಗೂ ಸಹಜವಾದ ಆಸೆ. ಯಾವ ಪರೀಕ್ಷೆ, ಯಾವ ವರ್ಷ, ಶುಲ್ಕದ ಹಣ ಎಲ್ಲಿಂದ ಎಂದು ಗಂಡಹೆಂಡಿರು ಕುಳಿತು ಬರೆದ ದಿನವಷ್ಟೇ ಆ ಆಸೆ ಮಗ್ಗಕ್ಕೇರುತ್ತದೆ. ಅಲ್ಲಿಯವರೆಗೆ ಅದು ಬಣ್ಣದ ನೂಲಿನ ಗಂಟು, ಅಷ್ಟೆ.

ಅದೇ ಸೀಮೆಯ ಬಾದಾಮಿಯಲ್ಲಿ ಕಲ್ಲು ಇದೇ ಲೆಕ್ಕವನ್ನು ಕೇಳಿತ್ತು. ಚಾಲುಕ್ಯ ಮಂಗಳೇಶನು ಮಾಡಿಸಿದ ವಿಷ್ಣುಗುಹೆಯ ಶಾಸನದ ಕಾಲ ಕ್ರಿ.ಶ. 578. ಗೋಡೆ ಕಟ್ಟುವವನು ಇಟ್ಟ ಕಲ್ಲನ್ನು ತೆಗೆದು ಮತ್ತೆ ಇಡಬಲ್ಲ. ಬಂಡೆಯನ್ನು ಕೊರೆಯುವವನಿಗೆ ಕೊರೆದದ್ದು ಹೋಯಿತು. ಕಂಬ ನಿಲ್ಲುವ ಎಡೆಯನ್ನು ಮೊದಲು ಉಳಿಸಿಕೊಂಡೇ ಅವನು ಸುತ್ತಲ ಕಲ್ಲನ್ನು ತೆಗೆಯಬೇಕಾಗಿತ್ತು.

ಇವರಿಬ್ಬರ ಗುರಿಯೂ ಅವರವರ ಕೈಯಲ್ಲಿತ್ತು. ಗುರಿಯ ಗೆರೆಯನ್ನು ಬೇರೆಯವರು ಎಳೆಯುವಾಗ ಸಂಸಾರಗಳು ಏನು ಮಾಡಬೇಕು? ಈ ಪ್ರಶ್ನೆಯನ್ನು ಆ ಸೀಮೆಯವರಷ್ಟು ದೀರ್ಘಕಾಲ ಎದುರಿಸಿದವರು ಕಡಿಮೆ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಬರುವುದೆಂದು ತಿಳಿದುದರಿಂದ, ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯನ್ನೆತ್ತಿ ಅದನ್ನು ಉಳಿಸಿಕೊಳ್ಳಲಾಯಿತು. ಭಕ್ತರು ಇಂದು ಮೆಟ್ಟಿಲಿಳಿದು ಅಲ್ಲಿಗೆ ಹೋಗುತ್ತಾರೆ. ನೀರಿನ ಮಟ್ಟ ಗೊತ್ತಿದ್ದುದರಿಂದ ಗೋಡೆಯ ಎತ್ತರವೂ ಗೊತ್ತಾಯಿತು.

ಬಾಗಲಕೋಟೆಯ ಸಂಗತಿ ಅಷ್ಟು ಸರಳವಾಗಲಿಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಅದು ಪೂರ್ಣಗೊಂಡದ್ದು 2005ರಲ್ಲಿ. ಅಡಿಗಲ್ಲಿನ ವರ್ಷ ಹುಟ್ಟಿದ ಕೂಸಿಗೆ ಆಗ ನಲವತ್ತು ದಾಟಿತ್ತು! ಘಟಪ್ರಭೆಯ ದಡದ ಹಳೆಯ ಊರಿನ ಭಾಗಗಳು ಹಿನ್ನೀರಿನ ಪಾಲಾದವು. ಅಲ್ಲಿಂದೆದ್ದವರಿಗಾಗಿ ಸೆಕ್ಟರುಗಳಾಗಿ ವಿಂಗಡಿಸಿದ ನವನಗರ ಎದ್ದಿತು. ನಕ್ಷೆಯ ಮೇಲೆ ಅಚ್ಚುಕಟ್ಟಾದ ಯೋಜನೆಯೇ ಸರಿ. ಆದರೆ ನೀರಿನ ಗೆರೆ ಒಂದೆಡೆ ನಿಲ್ಲಲಿಲ್ಲ. 519.6 ಮೀಟರು ಮಟ್ಟದ ಜಲಾಶಯವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಒಪ್ಪಿಗೆಯಿತ್ತಿತು. ನಡುವಿನ ಅಂತರ ಸುಮಾರು 15 ಅಡಿ.

ಹಳೆಯ ಗೆರೆಯ ಕೆಳಗಿದ್ದವನು ಗಂಟುಮೂಟೆ ಕಟ್ಟಿದ. ಹೊಸ ಗೆರೆಗೂ ಮೇಲಿದ್ದವನು ನಿಶ್ಚಿಂತ. ಆ 15 ಅಡಿಯೊಳಗೆ ಮನೆಯಿದ್ದವನ ಲೆಕ್ಕವೇ ಬೇರೆ. ನೀರು ಯಾವ ವರ್ಷ ಏರುವುದೆಂಬುದನ್ನು ಅವನಿಗೆ ಯಾರೂ ಖಚಿತವಾಗಿ ಹೇಳರು. ಮಾಳಿಗೆ ಸೋರಿದರೆ ಹೊಸ ಮಣ್ಣು ಹಾಕಿಸಬೇಕೋ, ಇನ್ನೊಂದು ಮಳೆಗಾಲಕ್ಕೆ ಪಾತ್ರೆಗಳನ್ನಿಟ್ಟು ಕಾಲಕಳೆಯಬೇಕೋ?