ಕಬಿನಿ ವ್ಯೂ ಸೈಟ್: ಆ ರೀಲ್ ಮಾಡಿದ್ದು ನಾನೇ

1/9

ಫೋಟೋ ನೋಡಿ. ಸಾಲಾಗಿ ನೆಟ್ಟ ಕಲ್ಲುಕಂಬ, ಕೆಂಪು ಮಣ್ಣಿನ ರಸ್ತೆ, ಬಣ್ಣಬಣ್ಣದ ಬಾವುಟ, ಹಿಂದೆ ಹಿನ್ನೀರು. ಹೋದ ಬೇಸಿಗೇಲಿ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಓಡಾಡಿದ ರೀಲ್‌ನದ್ದೇ ಇದು. "ಬೀಚನಹಳ್ಳಿ ಡ್ಯಾಂ ಹತ್ರ ನಿಮ್ಮ ಕನಸಿನ ಮನೆ" ಅಂತ ಅದರಲ್ಲಿ ಕೇಳಿಸೋ ದನಿ ನಂದು.

ಮೂರು ಸಾವಿರ ಕೊಟ್ರು. ಸೈಟ್ ಬುಕ್ ಆದ್ರೆ ಮೇಲೆ ಕಮಿಷನ್ ಅಂದ್ರು. ಕಾಲೇಜ್ ಫೀಸ್ ಕಟ್ಟೋ ಟೈಮು, ಒಂದು ಮಧ್ಯಾಹ್ನದ ಕೆಲಸ, ಒಪ್ಕೊಂಡೆ.

ಈ ಸೀರೀಸ್ ಯಾಕೆ ಅಂದ್ರೆ, ಈಗ ಅದೇ ಕೆಲಸಾನ ನಮ್ಮ ಕ್ಲಾಸಿನ ಇನ್ನೂ ನಾಲ್ಕೈದು ಜನ ಮಾಡ್ತಿದ್ದೀರ. ನಿಮ್ಮ ಸ್ಟೋರಿ ದಿನಾ ನೋಡ್ತಿದ್ದೀನಿ. ಕೋಪ ಮಾಡ್ಕೊಂಡ್ರೂ ಪರವಾಗಿಲ್ಲ, ಒಂಬತ್ತೂ ಓದಿ.

2/9

ನನ್ನ ರೀಲ್ ನೋಡಿ ಬುಕ್ ಮಾಡಿದೋರು ಯಾರೋ ಬೆಂಗಳೂರಿನ ಸಾಹುಕಾರರಲ್ಲ. ನಮ್ಮ ಸೀನಿಯರ್ ಒಬ್ಬರ ಅಪ್ಪ. ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದೋರು. "ನಮ್ಮ ಹುಡುಗಿ ಕಾಲೇಜಿನೋರೇ ಹೇಳವ್ರೆ, ಸುಳ್ಳು ಯಾಕೆ ಹೇಳ್ತಾರೆ" ಅಂತ ಎರಡು ಲಕ್ಷ ಅಡ್ವಾನ್ಸ್ ಕೊಟ್ಟಿದ್ದಾರೆ. ಕೈಗೆ ಸಿಕ್ಕಿದ್ದು ಛಾಪಾ ಕಾಗದದ ಮೇಲೆ ಟೈಪ್ ಮಾಡಿದ ಎರಡು ಪುಟದ ಅಗ್ರಿಮೆಂಟು. ರಿಜಿಸ್ಟರ್ ಆಗಿಲ್ಲ.

ಆಗಸ್ಟ್‌ನಲ್ಲಿ ಮನೆಯವರನ್ನ ಕರ್ಕೊಂಡು ಸೈಟ್ ನೋಡೋಕೆ ಬಂದ್ರೆ ಅವರ ಕಲ್ಲಿನ ತನಕ ನೀರು. ಪಹಣಿ ತೆಗೆಸಿದ್ರೆ ಇವತ್ತಿಗೂ ಕೃಷಿ ಜಮೀನು. ಮಾರಿದ ಅಣ್ಣ ಮೊದಲು "ನೀರು ಇಳೀಲಿ" ಅಂದ, ಆಮೇಲೆ "ಕನ್ವರ್ಷನ್ ಫೈಲ್ ಮೂವ್ ಆಗ್ತಿದೆ" ಅಂದ, ಈಗ ಫೋನ್ ಎತ್ತಲ್ಲ.

ಅವರು ನನಗೂ ಫೋನ್ ಮಾಡಿದ್ರು. ಬೈಲಿಲ್ಲ. "ನಿಂಗೂ ಗೊತ್ತಿರಲಿಲ್ವೇನಪ್ಪಾ?" ಅಂತ ಕೇಳಿದ್ರು, ಅಷ್ಟೇ. ಗೊತ್ತಿರಲಿಲ್ಲ ನಿಜ. ಆದ್ರೆ ಗೊತ್ತು ಮಾಡ್ಕೊಳ್ಳೋಕೆ ಹತ್ತು ನಿಮಿಷ ಸಾಕಿತ್ತು. ಆ ಹತ್ತು ನಿಮಿಷಾನ ನಾನು ರೀಲ್‌ಗೆ ಹಾಡು ಹುಡುಕೋಕೆ ಖರ್ಚು ಮಾಡಿದ್ದೆ.

3/9

ಈಗ ವಿಷಯಕ್ಕೆ ಬರ್ತೀನಿ. ಇಡೀ ವ್ಯಾಪಾರ ನಿಂತಿರೋದು ಒಂದು ಆಟದ ಮೇಲೆ.

ಗಿರಾಕಿ ಮುಂದೆ ಅದು "ಸೈಟ್". 30x40, ರಸ್ತೆ, ಕರೆಂಟು, ಮನೆ ಕಟ್ಕೋಬಹುದು. ಅಧಿಕಾರಿ ಮುಂದೆ ಅದೇ "ಕೃಷಿ ಜಮೀನು". ಬಡಾವಣೆ ಅಲ್ಲ, ಅನುಮತಿ ಬೇಡ, ರೇರಾ ಬೇಡ.

ಎರಡೂ ಒಟ್ಟಿಗೆ ಆಗಲ್ಲ ಕಣ್ರೋ. ಕೃಷಿ ಜಮೀನಲ್ಲಿ ವಾಸದ ಬಡಾವಣೆ ಮಾಡ್ಬೇಕು ಅಂದ್ರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ ಕಲಂ 95ರ ಪ್ರಕಾರ ಭೂ ಪರಿವರ್ತನೆ ಆಗ್ಬೇಕು, ಬಡಾವಣೆ ನಕ್ಷೆಗೆ ಮಂಜೂರಾತಿ ಸಿಗ್ಬೇಕು. ಆಗ ಅದು ಸೈಟ್. ಇವು ಇಲ್ಲ ಅಂದ್ರೆ ಅದು ಹೊಲ. ಕಲ್ಲು ನೆಟ್ಟು ಬಾವುಟ ಕಟ್ಟಿದ್ರೂ ಹೊಲವೇ.

"ಫಾರ್ಮ್ ಹೌಸ್ ಕಟ್ಕೊಳ್ಳಿ ಸಾರ್" ಅಂತಾರಲ್ಲ, ಅದರ ಲೆಕ್ಕ ನೋಡಿ. ತೋಟದ ಮನೆಗೆ ಕಾಯ್ದೆ ಬಿಟ್ಟಿರೋದು ಹಿಡುವಳಿಯ ಶೇ. 10 ಮೀರದ ಹಾಗೆ, ಅದೂ ವ್ಯವಸಾಯ ಮಾಡೋನ ಬಳಕೆಗೆ. 1 ಗುಂಟೆ ಅಂದ್ರೆ 1,089 ಚದರಡಿ. 5 ಗುಂಟೆ ತಗೊಂಡೋನ ಪಾಲಿಗೆ ಬರೋದು ಅರ್ಧ ಗುಂಟೆ. ಬ್ರೋಷರ್‌ನಲ್ಲಿರೋ ಡ್ಯೂಪ್ಲೆಕ್ಸು, ಈಜುಕೊಳ ಎಲ್ಲಿ ಕೂರುತ್ತೆ ಅದರಲ್ಲಿ?

4/9

ಅವರು ಹೇಳೋದೆಲ್ಲ ಸುಳ್ಳಲ್ಲ. ಅರ್ಧ ನಿಜ ಹೇಳ್ತಾರೆ, ಅದೇ ಅಪಾಯ.

"ಈಗ ಯಾರು ಬೇಕಾದ್ರೂ ಜಮೀನು ತಗೋಬಹುದು." ನಿಜ. 2020ರ ತಿದ್ದುಪಡಿಯಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದುಹಾಕಿದ್ರು. ರೈತ ಅಲ್ಲದೋರೂ ಕೃಷಿ ಜಮೀನು ಕೊಳ್ಳಬಹುದು. ಆದ್ರೆ ಕೊಳ್ಳಬಹುದು ಅಂದ ಮಾತ್ರಕ್ಕೆ ತುಂಡು ಮಾಡಿ ಮನೆ ಕಟ್ಟಬಹುದು ಅಂತಲ್ಲ.

"ರಿಜಿಸ್ಟರ್ ಮಾಡಿಕೊಡ್ತೀವಿ." ಯಾವುದನ್ನ? ಎಷ್ಟೋ ಕಡೆ ಒಂದೇ ಸರ್ವೆ ನಂಬರಿನಲ್ಲಿ ಹತ್ತಿಪ್ಪತ್ತು ಜನಕ್ಕೆ ಜಂಟಿ ಹೆಸರು ಕೂರಿಸ್ತಾರೆ. ಪಹಣಿಯಲ್ಲಿ ನಿಮ್ಮ ಹೆಸರಿರುತ್ತೆ, ನಿಮ್ಮ ತುಂಡು ಯಾವುದು ಅನ್ನೋದು ಎಲ್ಲೂ ಇರಲ್ಲ. ನಾಳೆ ಸಾಲಕ್ಕೆ ಹೋದ್ರೂ, ಮಾರೋಕೆ ಹೋದ್ರೂ ಉಳಿದೋರ ಮುಂದೆ ಕೈಕಟ್ಟಿ ನಿಲ್ಲಬೇಕು.

"ಸದ್ಯಕ್ಕೆ ಜಿಪಿಎ ಮಾಡ್ಕೊಳ್ಳಿ." ಜಿಪಿಎ ಮೇಲೆ ಮಾರಾಟ ಮಾಡಿದ್ರೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲೇ ಹೇಳಿದೆ.

"11ಬಿ ಖಾತೆ ಇದೆ." 11ಬಿ ಅಂದ್ರೆ ಕ್ರಮಬದ್ಧ ಅಲ್ಲದ ಸ್ವತ್ತು ಅಂತ ಪಂಚಾಯ್ತಿಯೇ ಬರೆದುಕೊಟ್ಟ ಹಾಗೆ. ಕ್ರಮಬದ್ಧವಾದದ್ದಕ್ಕೆ ಸಿಗೋದು ನಮೂನೆ 9 ಮತ್ತು 11ಎ.

5/9

ಇದು ನಮ್ಮ ಊರಿಗೇ ಸೇರಿದ ಮಾತು.

ಕಬಿನಿ ಡ್ಯಾಂನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 2,284 ಅಡಿ. ನಾವು ಚಿಕ್ಕೋರಿಂದ ಕೇಳ್ಕೊಂಡು ಬಂದಿರೋ ನಂಬರ್ ಇದು. ವಯನಾಡಲ್ಲಿ ಮಳೆ ಹಿಡಿದ್ರೆ ಜುಲೈ, ಆಗಸ್ಟ್‌ನಲ್ಲಿ ನೀರು ಅಲ್ಲಿಗೆ ಬರುತ್ತೆ. ಬೇಸಿಗೇಲಿ ಇಳಿದಾಗ ಮೈಲುಗಟ್ಟಲೆ ಹಸಿರು ಬಯಲು, ಆನೆ ಹಿಂಡು, ದನ ಮೇಯೋ ಜಾಗ.

ಸೈಟ್ ರೀಲ್‌ಗಳು ಬರೋದು ಯಾವಾಗ? ಫೆಬ್ರವರಿಯಿಂದ ಮೇ. ಯಾಕೆ ಅಂತ ಯೋಚನೆ ಮಾಡಿ. ಆ ಬಯಲಲ್ಲಿ ಎಷ್ಟೋ ಭಾಗ ಡ್ಯಾಂಗೆ ಅಂತ ಸ್ವಾಧೀನ ಆಗಿರೋ ಮುಳುಗಡೆ ಜಮೀನು, ಮಾರೋಕೆ ಯಾರದ್ದೂ ಅಲ್ಲ. ಅಂಚಿನ ಜಮೀನನ್ನ ತೋರಿಸಿ, ಕೈ ಮಾತ್ರ ನೀರಿನ ಕಡೆ ಚಾಚಿ "ಇಲ್ಲಿ ತನಕ ನಮ್ಮದೇ" ಅಂತಾರೆ.

ಇನ್ನೊಂದು ಕಡೆ ಕಾಡು. ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಅಂತ ಕೇಂದ್ರ ಸರ್ಕಾರ 2012ರಲ್ಲೇ ಅಧಿಸೂಚನೆ ಹೊರಡಿಸಿದೆ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳೂ ಆ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರೋ ಊರಲ್ಲಿ ಜಮೀನಿನ ಬಳಕೆ ಬದಲಾಯಿಸೋದಕ್ಕೆ ಬೇರೆ ನಿರ್ಬಂಧಗಳೇ ಇವೆ. ಕಪ್ಪು ಚಿರತೆ ಫೋಟೋ ಹಾಕಿ ಸೈಟ್ ಮಾರೋರು ಈ ಪಟ್ಟಿಯ ಹೆಸರು ಎತ್ತಿದ್ದನ್ನ ನಾನಂತೂ ಕೇಳಿಲ್ಲ.

6/9

ಫೋಟೋದಲ್ಲಿರೋ ಕೈ ನಮ್ಮ ಅಜ್ಜಿದು. ಅವರು ಹುಟ್ಟಿದ ಊರು ಈಗ ಹಿನ್ನೀರಿನ ಕೆಳಗಿದೆ. 1974ರಲ್ಲಿ ಡ್ಯಾಂ ಪೂರ್ತಿ ಆಗೋ ಹೊತ್ತಿಗೆ ಮನೆಯ ತೊಲೆ, ಹೆಂಚು ಗಾಡಿಗೆ ಹೇರ್ಕೊಂಡು ಬಂದೋರು. "ಕಾಗದ ಇದ್ದೋರ್ಗೆ ಜಮೀನು ಸಿಕ್ತು, ಇಲ್ದೋರು ಕೂಲಿಗೆ ಹೋದ್ರು" ಅಂತ ಈಗಲೂ ಹೇಳ್ತಾರೆ. ಕಾಗದ ಅಂದ್ರೆ ಏನು ಅಂತ ನಮ್ಮ ಕಡೆ ಜನಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅದಕ್ಕೇ ಇದನ್ನ ಸರಿಯಾಗಿ ಓದಿ. ನಮ್ಮ ತಾಲೂಕಲ್ಲಿ ಮಂಜೂರಾತಿ ಜಮೀನು ಬಹಳ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡೋ ಹಾಗಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಹೇಳೋದು ಇದನ್ನೇ. ಜಮೀನು ವಾಪಸ್ ಕೇಳೋಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಯ್ತು.

ಅಂದ್ರೆ ಅಂಥ ಜಮೀನನ್ನ ಸೈಟ್ ಮಾಡಿ ಮಾರಿದ್ರೆ ಮೋಸ ಹೋಗೋದು ಇಬ್ಬರು. ಕಡಿಮೆ ದುಡ್ಡಿಗೆ ಹೆಬ್ಬೆಟ್ಟು ಒತ್ತಿದ ಮಂಜೂರಾತಿದಾರ, ಜಾಸ್ತಿ ದುಡ್ಡಿಗೆ ಕೊಂಡ ಡ್ರೈವರ್ರು. ಮಧ್ಯದಲ್ಲಿರೋನು ಮಾತ್ರ ಹೊಸ ಕಾರಲ್ಲಿ ಬರ್ತಾನೆ.

7/9

"ನಾನು ಬರೀ ವಿಡಿಯೋ ಹಾಕಿದ್ದು. ಮಾರಿದ್ದು ನಾನಲ್ಲ."

ನಾನೂ ಇದನ್ನೇ ಹೇಳ್ಕೊಂಡು ತಿರುಗ್ತಿದ್ದೆ. 2016ರ ರೇರಾ ಕಾಯ್ದೆ ತೆಗೆದು ನೋಡಿ. ಯಾವುದೇ ಮಾಧ್ಯಮದ ಮೂಲಕ ಕೊಳ್ಳೋರನ್ನ ಮಾರೋರಿಗೆ ಪರಿಚಯ ಮಾಡಿಸಿ, ಅದಕ್ಕೆ ಕಮಿಷನ್ನೋ ಶುಲ್ಕವೋ ತಗೊಂಡೋನು ರಿಯಲ್ ಎಸ್ಟೇಟ್ ಏಜೆಂಟ್. ಏನು ಹೆಸರಿಟ್ಟು ಕರೆದ್ರೂ ಅಷ್ಟೇ. ಇನ್‌ಫ್ಲುಯೆನ್ಸರ್ ಅನ್ನಿ, ಕೊಲ್ಯಾಬ್ ಅನ್ನಿ, ನೀನು ದಲ್ಲಾಳಿ.

ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ಮೀರಿದ ಬಡಾವಣೆ ರೇರಾದಲ್ಲಿ ನೋಂದಣಿ ಆಗ್ಬೇಕು. 500 ಚದರ ಮೀಟರ್ ಅಂದ್ರೆ ಸುಮಾರು 5 ಗುಂಟೆ, ಅಷ್ಟೇ. ನೋಂದಣಿಗೆ ಮುಂಚೆ ಜಾಹೀರಾತನ್ನೂ ಕೊಡೋ ಹಾಗಿಲ್ಲ. ಏಜೆಂಟ್ ಕೂಡ ನೋಂದಣಿ ಮಾಡಿಸ್ಕೋಬೇಕು. ತಪ್ಪಿದ್ರೆ ದಿನಕ್ಕೆ ಹತ್ತು ಸಾವಿರದಂತೆ, ಆಸ್ತಿ ಬೆಲೆಯ ಶೇ. 5ರ ತನಕ ದಂಡ.

"ಇದು ಹಳ್ಳಿ, ಪ್ಲಾನಿಂಗ್ ಏರಿಯಾ ಆಚೆಗಿದೆ" ಅಂತಾರೆ. ಇರಬಹುದು. ಆದ್ರೆ ಪರಿವರ್ತನೆ, ನಕ್ಷೆ ಮಂಜೂರಾತಿ ಆಗಲೂ ಬೇಕೇ ಬೇಕು. ರೇರಾ ನಂಬರ್ ಇಲ್ಲ ಅಂದ್ರೆ ಮೋಸ ಆದ್ಮೇಲೆ ಆ ಬಾಗಿಲು ತಟ್ಟೋದೂ ಕಷ್ಟ. ಅದನ್ನ ಅವರು ಅನುಕೂಲ ಅನ್ನೋ ಥರ ಹೇಳ್ತಾರೆ. ಅನುಕೂಲ ಯಾರಿಗೆ?

8/9

ಕಾಮೆಂಟಲ್ಲಿ ಏನು ಬರುತ್ತೆ ಅಂತ ಗೊತ್ತು. ಈಗಲೇ ಉತ್ತರ ಕೊಡ್ತೀನಿ.

"ಊರು ಬೆಳೀಬೇಕು ಅಲ್ವಾ ಗುರು?" ಬೆಳೀಲಿ. ಚರಂಡಿ, ನೀರು, ರಸ್ತೆ ಇರೋ ಮಂಜೂರಾದ ಬಡಾವಣೆ ಬರಲಿ, ಫ್ರೀಯಾಗಿ ರೀಲ್ ಮಾಡಿಕೊಡ್ತೀನಿ. ಕಲ್ಲು ನೆಟ್ಟು ಹೋದ ಹೊಲದಲ್ಲಿ ರಾಗಿಯೂ ಇಲ್ಲ, ಮನೆಯೂ ಇಲ್ಲ, ಲಂಟಾನ ಬೆಳೀತಿದೆ.

"ರೈತನಿಗೆ ಒಳ್ಳೆ ರೇಟ್ ಸಿಗ್ತಿದೆ." ಎಕರೆ ಲೆಕ್ಕದಲ್ಲಿ ಕೊಂಡು ಚದರಡಿ ಲೆಕ್ಕದಲ್ಲಿ ಮಾರ್ತಾರೆ. 1 ಎಕರೆ 43,560 ಚದರಡಿ. ರಸ್ತೆಗೆ, ಪಾರ್ಕಿಗೆ ಧಾರಾಳವಾಗಿ ಬಿಟ್ರೂ 30x40ರ ಇಪ್ಪತ್ತು ಸೈಟ್ ಬರುತ್ತೆ. ನಿಮ್ಮೂರಲ್ಲಿ ರೈತನಿಗೆ ಕೊಟ್ಟಿದ್ದೆಷ್ಟು, ಒಂದು ಸೈಟಿಗೆ ಹೇಳ್ತಿರೋದೆಷ್ಟು ಕೇಳ್ಕೊಂಡು ಬನ್ನಿ. ಗುಣಾಕಾರ ನೀವೇ ಮಾಡಿ.

"ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಾನೆ." ಮಾಡಲಿ. ಅವನನ್ನ ನಮ್ಮ ಸೀನಿಯರ್ ಅಪ್ಪ ನಂಬ್ತಿರಲಿಲ್ಲ. ಆ ಅಣ್ಣಂಗೆ ಬೇಕಾಗಿದ್ದು ನಮ್ಮ ಕ್ಯಾಮೆರಾ ಅಲ್ಲ, ನಮ್ಮ ಮೇಲೆ ನಮ್ಮ ಜನ ಇಟ್ಟಿರೋ ನಂಬಿಕೆ. ಅದನ್ನ ಮೂರು ಸಾವಿರಕ್ಕೆ ಮಾರಿದೆ ನಾನು.

"ಎಲ್ಲಾ ಏಜೆಂಟೂ ಕಳ್ಳರಾ?" ಅಲ್ಲ. ಕೋಟೆ ಸಂತೆ ದಿನ ಸಿಗೋ ಒಬ್ಬ ಹಳೇ ದಲ್ಲಾಳಿ ನಮ್ಮ ಮಾವಂಗೆ "ಇದು ಮಂಜೂರಾತಿ ಜಮೀನು, ಬೇಡ ಕಣಪ್ಪ" ಅಂತ ಹೇಳಿ ತನ್ನ ಕಮಿಷನ್ ತಾನೇ ಬಿಟ್ಟ. ಏಜೆಂಟ್ ಅಂದ್ರೆ ಅವನು. "ಬೇಡ" ಅಂತ ಒಂದು ಸಲಾನೂ ಹೇಳದೋನ ಹತ್ರ ವ್ಯಾಪಾರ ಮಾಡಬೇಡಿ.

9/9

ಸೇವ್ ಮಾಡ್ಕೊಳ್ಳಿ. ಮನೇಲಿ ದೊಡ್ಡೋರಿಗೆ ಓದಿ ಹೇಳಿ.

▪ ಸರ್ವೆ ನಂಬರ್ ಕೇಳಿ. ಕೊಡಲ್ಲ ಅಂದ್ರೆ ಅಲ್ಲಿಗೇ ಮುಗೀತು, ಎದ್ದು ಬನ್ನಿ.
▪ ಜಾಗದಲ್ಲಿ ನಿಂತು ದಿಶಾಂಕ್ ಆಪ್ ತೆಗೀರಿ. ಅವರು ಹೇಳಿದ ಸರ್ವೆ ನಂಬರೇನಾ, ಕೆರೆಯೋ ಸರ್ಕಾರಿ ಜಾಗವೋ ಗೊತ್ತಾಗುತ್ತೆ.
▪ ಭೂಮಿ ವೆಬ್‌ಸೈಟಲ್ಲಿ ಪಹಣಿ ನೋಡಿ. ಕಾಲಂ 9ರಲ್ಲಿ ಯಾರ ಹೆಸರು, ಕಾಲಂ 11ರಲ್ಲಿ ಸಾಲ, ತಕರಾರು ಏನಿದೆ ಓದಿ.
▪ ಜಮೀನು ಮೊದಲು ಹೇಗೆ ಬಂತು ಕೇಳಿ. ಮಂಜೂರಾತಿ, ಸಾಗುವಳಿ ಚೀಟಿ ಅಂದ್ರೆ ವಕೀಲರಿಗೆ ತೋರಿಸದೆ ಮುಂದಕ್ಕೆ ಹೋಗಬೇಡಿ.
▪ ಕಾವೇರಿ ಪೋರ್ಟಲ್‌ನಲ್ಲಿ ಇಸಿ ತೆಗೆಸಿ. ಆದಷ್ಟು ಹಿಂದಿನ ವರ್ಷದಿಂದ.
▪ ಭೂ ಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ನಮೂನೆ 9 ಮತ್ತು 11ಎ. "ಪ್ರೋಸೆಸ್‌ನಲ್ಲಿದೆ" ಅಂದ್ರೆ ಇಲ್ಲ ಅಂತ ಅರ್ಥ.
▪ ರೇರಾ ನಂಬರ್ ಇದ್ರೆ ಅದನ್ನ ರೇರಾ ವೆಬ್‌ಸೈಟಲ್ಲಿ ಹಾಕಿ ನೀವೇ ನೋಡಿ. ರೇರಾ ಪ್ರಾಜೆಕ್ಟಲ್ಲಿ ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಶೇ. 10ಕ್ಕಿಂತ ಜಾಸ್ತಿ ದುಡ್ಡು ಕೇಳೋ ಹಾಗಿಲ್ಲ.
▪ ಹಿನ್ನೀರಿನ ಅಂಚಿನ ಜಾಗನ ಆಗಸ್ಟ್‌ನಲ್ಲಿ ಒಂದು ಸಲ ನೋಡದೆ ಒಂದು ರೂಪಾಯಿನೂ ಕೊಡಬೇಡಿ.

ನಾನು ರೀಲ್ ಡಿಲೀಟ್ ಮಾಡಿದ್ದೀನಿ. ಸೀನಿಯರ್ ಅಪ್ಪನ ಜೊತೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟಿದ್ದೀನಿ. ವಿಡಿಯೋ ಮಾಡಿದ್ದು ನಾನು, ಇಷ್ಟು ದುಡ್ಡು ಇಸ್ಕೊಂಡೆ ಅಂತ ಬರೆದುಕೊಟ್ಟಿದ್ದೀನಿ. ಮೂರು ಸಾವಿರಾನ ಅವರ ಕೈಗೇ ಕೊಟ್ಟೆ, ಅವರು ತಗೊಳ್ಳಲಿಲ್ಲ. ಎರಡು ಲಕ್ಷ ಇನ್ನೂ ಬಂದಿಲ್ಲ.

ನಿಮ್ಮಲ್ಲಿ ಯಾರ ಪ್ರೊಫೈಲಲ್ಲಿ ಇಂಥ ರೀಲ್ ಇದ್ಯೋ ನಿಮಗೇ ಗೊತ್ತು. ಟ್ಯಾಗ್ ಮಾಡಲ್ಲ, ಹೆಸರು ಹಾಕಲ್ಲ. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಆ ಅಣ್ಣಂಗೆ ಮೆಸೇಜ್ ಹಾಕಿ ಪರಿವರ್ತನೆ ಆದೇಶದ ಕಾಪಿ ಕೇಳಿ. ಕೊಟ್ರೆ ರೀಲ್ ಇರಲಿ, ಕೊಡದಿದ್ರೆ ತೆಗೀರಿ. ನಿಮ್ಮಪ್ಪಂಗೆ ಕೊಡಿಸೋಕೆ ಧೈರ್ಯ ಇಲ್ಲದ ಸೈಟನ್ನ ಇನ್ನೊಬ್ಬರ ಅಪ್ಪಂಗೆ ತೋರಿಸಬೇಡಿ.

#ಬೀಚನಹಳ್ಳಿ #ಕಬಿನಿ #ಎಚ್‌ಡಿಕೋಟೆ #ಸರಗೂರು #ಸೈಟ್_ಕೊಳ್ಳೋ_ಮುಂಚೆ #ಪಹಣಿ_ನೋಡಿ