ಓದದವರ ಡಾರ್ವಿನ್‌ವಾದ

ನಮ್ಮ ಸುಶಿಕ್ಷಿತರಿಗೆ ಡಾರ್ವಿನ್ನನ ವಿಷಯದಲ್ಲಿ ಎರಡು ಮಾತು ಬಾಯಿಪಾಠ. ಮಗನನ್ನು ಮತ್ತೊಂದು ಟ್ಯೂಷನ್ನಿಗೆ ಅಟ್ಟುವಾಗ, 'ಬಲಿಷ್ಠನೇ ಉಳಿಯುವುದು, ಇದು ಪ್ರಕೃತಿನಿಯಮ' ಎನ್ನುತ್ತಾರೆ. ಅದೇ ಮಗ ವಿಕಾಸದ ಪಾಠ ಓದಿದರೆ, 'ಮಂಗ ಮನುಷ್ಯನಾದದ್ದನ್ನು ಕಂಡವರಾರು?' ಎಂದು ನಗುತ್ತಾರೆ. ತಾವು ನಂಬದ ಸಿದ್ಧಾಂತವನ್ನು ಮಗನ ಬೆನ್ನಿಗೆ ಚಾಟಿಯಾಗಿ ಬಳಸುವ ಈ ಜಾಣತನದ ಮೇಲೆ ನನ್ನ ತಕರಾರಿದೆ.

'ಯೋಗ್ಯತಮದ ಉಳಿವು' ಎಂಬ ನುಡಿಯನ್ನು 1864ರಲ್ಲಿ ಚಲಾವಣೆಗೆ ತಂದವನು ಹರ್ಬರ್ಟ್ ಸ್ಪೆನ್ಸರ್. 1859ರ 'ಜೀವಿಜಾತಿಗಳ ಉಗಮ'ಕ್ಕೆ ಡಾರ್ವಿನ್ ಅದನ್ನು ಸೇರಿಸಿದ್ದು 1869ರ ಐದನೆಯ ಆವೃತ್ತಿಯಲ್ಲಿ. ಅಲ್ಲಿಯೂ ಯೋಗ್ಯವೆಂದರೆ ಪರಿಸರಕ್ಕೆ ಒಗ್ಗಿದ್ದು, ತೋಳ್ಬಲದ್ದಲ್ಲ. ಇನ್ನು, ಇಂದಿನ ಮಂಗ ನಮ್ಮ ಅಜ್ಜನಲ್ಲ, ದಾಯಾದಿ, ಇಬ್ಬರಿಗೂ ಮೂಲಪುರುಷನೊಬ್ಬನಿದ್ದ.

ಆದ್ದರಿಂದ ಕೆಲವು ಪುಸ್ತಕಗಳನ್ನು ಹೇಳುತ್ತೇನೆ. ಎರೆಹುಳುಗಳನ್ನು ಕುರಿತು 1881ರಲ್ಲಿ ಡಾರ್ವಿನ್ ಬರೆದ ಕೊನೆಯ ಪುಸ್ತಕವನ್ನು ಮೊದಲು ಓದಿ. ಬಿಲದ ಬಾಯಿಗೆ ಎಲೆಯನ್ನು ಎಳೆದುಕೊಳ್ಳುವಾಗ ಹುಳು ಯಾವ ತುದಿಯನ್ನು ಹಿಡಿಯುತ್ತದೆಂದು ತಿಳಿಯಲು ಆ ಮುದುಕ ಕಾಗದದ ತ್ರಿಕೋನಗಳನ್ನು ಕತ್ತರಿಸಿಟ್ಟು ನೋಡಿದ. ಬುದ್ಧಿಯ ಮೊಳಕೆಯನ್ನು ಮಣ್ಣಿನಲ್ಲಿ ಹುಡುಕಿದ ವಿನಯ ಅದು. ಬಳಿಕ ಪೀಟರ್ ಗಾಡ್‌ಫ್ರೇ-ಸ್ಮಿತ್ 2016ರಲ್ಲಿ ಬರೆದ 'ಅದರ್ ಮೈಂಡ್ಸ್'. ಆಕ್ಟೋಪಸ್ಸಿನ ಸುಮಾರು 50 ಕೋಟಿ ನರಕೋಶಗಳಲ್ಲಿ ಹೆಚ್ಚಿನವು ಅದರ ತೋಳುಗಳಲ್ಲಿವೆ ಎಂದು ತಿಳಿದಮೇಲೆ, ಮನಸ್ಸು ತಲೆಯೊಳಗಿನ ಸ್ವತ್ತು ಎಂಬ ನಮ್ಮ ಗರ್ವ ಸಡಿಲವಾಗದಿರದು.

ಮೂರನೆಯದು ಥಾಮಸ್ ಸೀಲಿಯ 'ಹನಿಬೀ ಡೆಮಾಕ್ರಸಿ', 2010ರದು. ಗೂಡು ಬಿಟ್ಟ ಜೇನುಹಿಂಡಿನಲ್ಲಿ ನೂರಾರು ಹುಳುಗಳು ಹೊಸ ಜಾಗ ಹುಡುಕಿ ಬಂದು ಕುಣಿದು ವರದಿ ಹೇಳುತ್ತವೆ. ಒಳ್ಳೆಯ ಜಾಗಕ್ಕೆ ಹೆಚ್ಚು ಕುಣಿತ. ಕೇಳಿದ ಹುಳು ತಾನೇ ಹೋಗಿ ಪರೀಕ್ಷಿಸಿ ಬರುತ್ತದೆ. ರಾಣಿಯ ಅಪ್ಪಣೆಯಿಲ್ಲದೆಯೇ ಹಿಂಡು ತೀರ್ಮಾನಕ್ಕೆ ಬರುತ್ತದೆ. ಪೈಪೋಟಿಯೊಂದೇ ಪ್ರಕೃತಿನಿಯಮವೆನ್ನುವವರು ಇದಕ್ಕೇನು ಹೇಳುತ್ತಾರೆ?

ಇಂಗ್ಲಿಷ್ ಪುಸ್ತಕಗಳಾಯಿತಲ್ಲ ಎಂಬ ನೆಪವೂ ಬೇಡ. ಹಾರುವ ಓತಿಯ ಬೆನ್ನುಹತ್ತಿದ ತೇಜಸ್ವಿಯವರ 'ಕರ್ವಾಲೊ' 1980ರಿಂದಲೂ ಕನ್ನಡದಲ್ಲಿದೆ.

2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಪತ್ರ ಬರೆದು ಆಕ್ಷೇಪಿಸಿದರು. ಮುಂದೆ ವಿಜ್ಞಾನ ಓದದ ಮಕ್ಕಳಿಗೆ ಅದು ಕೊನೆಯ ಅವಕಾಶವಾಗಿತ್ತು. ಓದುವ ಭಾರ ಇಳಿಯಿತೆಂದು ಹಿಗ್ಗಿದ ತಂದೆತಾಯಿಗಳಿಗೆ ನಷ್ಟದ ಲೆಕ್ಕ ಹೊಳೆಯಲಿಲ್ಲ. ಶಾಲೆ ಬಿಟ್ಟದ್ದನ್ನು ಮನೆಯ ಕಪಾಟಾದರೂ ತುಂಬಿಕೊಡಬೇಕು. ಅದಕ್ಕೆ ಮೊದಲು ನಾವು ಓದಬೇಕು. ಜೇನುಹುಳುವೇ ಕೇಳಿದ ಮಾತನ್ನು ಕಣ್ಣಾರೆ ಕಂಡು ಬರುವಾಗ, ಡಾರ್ವಿನ್ನನ ವಿಷಯದಲ್ಲಿ ನಾವು ಅಷ್ಟನ್ನಾದರೂ ಮಾಡಬೇಡವೆ?